ಮನೆಗೊಂದೇ ಮೇಲ್ ಐಡಿ

ನನ್ನ ಅಣ್ಣನನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವ ಅವಸರವೂ ನನಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಅಣ್ಣ ತಂಗಿ ತಬ್ಬಿಕೊಂಡು ಅಳುತ್ತಾರೆ ಎಂದು ಕಾಯುವವರು ಕಾಯುವುದು ಬೇಡ.

ನಾನು ಹುಮನಾಬಾದಿನಲ್ಲಿ ಬಾಡಿಗೆಯ ಒಂದು ಕೋಣೆಯಲ್ಲಿ ಹೆಂಗಸರ ಜಂಪರ್ ಹೊಲಿಯುವವಳು. ತವರು ಬಸವಕಲ್ಯಾಣ. ಅಲ್ಲಿ ಕೋಟೆಯ ಕಡೆಗೆ ಹೋಗುವ ದಾರಿಯಲ್ಲಿ ಅಪ್ಪನದು ಎರಡು ಶಟರಿನ ಪಾತ್ರೆ ಅಂಗಡಿ. ಸ್ವಂತ ದುಡಿಮೆಯಲ್ಲಿ ಕೊಂಡಿದ್ದು. ಯಾವ ಮೃತ್ಯುಪತ್ರವನ್ನೂ ಬರೆಯದೆ ಅಪ್ಪ ತೀರಿಹೋದರು. ಅಣ್ಣನಿಗೆ ಅಂಗಡಿ ಪೂರ್ತಿ ತನ್ನ ಹೆಸರಿಗೆ ಬೇಕು, ಅದಕ್ಕೆ ಹಕ್ಕುಬಿಡುಗಡೆ ಪತ್ರದ ಮೇಲೆ ನನ್ನ ಸಹಿ ಬೇಕು. ನನಗೆ ಅದರಲ್ಲಿ ಒಂದು ಶಟರ್ ಬೇಕು. ನನ್ನ ಮಷೀನು ಇಟ್ಟುಕೊಳ್ಳಲು ನನ್ನದೆನ್ನುವ ಒಂದು ಜಾಗ. ಜಗಳವೆಲ್ಲ ಇಷ್ಟೇ.

ನಮ್ಮ ಕಡೆ ಈ ಸಹಿಯನ್ನು ಬರಿಗೈಯಲ್ಲಿ ಕೇಳುವುದಿಲ್ಲ. ತಂಗಿಯನ್ನು ಕರೆಸಿ, ಮಣೆ ಹಾಕಿ ಕೂರಿಸಿ, ಉಡಿ ತುಂಬಿ, ಒಳ್ಳೆಯ ಸೀರೆ ಕೊಟ್ಟು, ಅವಳ ಕಣ್ಣಲ್ಲಿ ನೀರು ಬಂದ ಹೊತ್ತಿಗೆ ಪೆನ್ನು ಕೊಡುತ್ತಾರೆ. ಇಪ್ಪತ್ತು ವರ್ಷದಿಂದ ಹೊಲಿಯುತ್ತಿದ್ದೇನೆ, ಬಂದ ಬಟ್ಟೆ ನೋಡಿದರೆ ನನಗೆ ತಿಳಿಯುತ್ತದೆ. ತವರಿನಿಂದ ಪ್ರತಿವರ್ಷ ಜಂಪರಿಗೆ ಸಾದಾ ಕಣದ ತುಂಡು ತರುತ್ತಿದ್ದವಳು ಒಮ್ಮೆಲೇ ಭಾರಿ ರೇಷ್ಮೆ ತಂದರೆ ಸಹಿ ಬಿತ್ತು ಎಂದೇ ಲೆಕ್ಕ. ಬಾಯಿ ಬಿಟ್ಟು ನಾನು ಕೇಳುವುದಿಲ್ಲ. ಅಳತೆ ತೆಗೆದುಕೊಳ್ಳುತ್ತೇನೆ.

ಅಪ್ಪ ತೀರಿಕೊಂಡ ಮೇಲೆ ಒಂದು ಮಧ್ಯಾಹ್ನ ಮಷೀನಿನ ಮುಂದೆ ಕೂತು ಫೋನಿನ ಮೈಕು ಒತ್ತಿ ಅಪ್ಪನ ಅಂಗಡಿಯಲ್ಲಿ ಯಾರಿಗೆಷ್ಟು ಪಾಲು ಎಂದು ಕೇಳಿದೆ. ಈಗ ಮೊದಲಿನ ಹಾಗೆ ಹತ್ತು ಪುಟ ತೆರೆದು ಓದಬೇಕಿಲ್ಲ, ಕೇಳಿದ ಪ್ರಶ್ನೆಗೆ ಮೇಲೆಯೇ ಒಂದು ಉತ್ತರ ಬರೆದು ಕೊಡುತ್ತದೆ, ಬೇಕಾದರೆ ಓದಿಯೂ ಹೇಳುತ್ತದೆ. ತಾಯಿಗೊಂದು, ಮಗನಿಗೊಂದು, ಮಗಳಿಗೊಂದು ಪಾಲು ಸಮ ಎಂದಿತು. ಖಾತ್ರಿಗೆ ಇನ್ನೊಮ್ಮೆ ಬರೆದು ನೋಡೋಣವೆಂದು 'ಮದುವೆಯಾದ ಮಗಳಿಗೆ' ಎಂದು ಬೆರಳಾಡಿಸಿದೆನೋ ಇಲ್ಲವೋ, ಉಳಿದದ್ದನ್ನು ಅದೇ ಬರೆಯಿತು: 'ತಂದೆಯ ಆಸ್ತಿಯಲ್ಲಿ ಪಾಲು ಇದೆಯೇ?'

ನನ್ನ ಹಳೆಯ ಗಿರಾಕಿ ಒಬ್ಬರಿದ್ದಾರೆ, ಕಂಪ್ಯೂಟರ್ ಕಲಿಸುವವರು, ನಾವೆಲ್ಲ ಆಪಾ ಎನ್ನುತ್ತೇವೆ. ನನ್ನ ಮನಸ್ಸಿನ ಮಾತು ಅದಕ್ಕೆ ಹೇಗೆ ಗೊತ್ತಾಯಿತೆಂದು ಅವರನ್ನು ಕೇಳಿದೆ. "ನಿಮ್ಮ ಮನಸ್ಸಿಂದಲ್ರಿ ಅಕ್ಕಾ. ಭಾಳ ಮಂದಿ ಕೇಳ್ಯಾರಂದ್ರ ಅದ ತಾನ ಮುಂದ ತಂದ ತೋರಿಸ್ತದ" ಎಂದರು. ವರ್ಷದ ಕೊನೆಗೆ ದೇಶದ ಜನ ಅತಿ ಹೆಚ್ಚು ಹುಡುಕಿದ್ದೇನೆಂದು ಟಿವಿಯಲ್ಲಿ ಪಟ್ಟಿ ಬರುತ್ತದೆ: ಕ್ರಿಕೆಟ್ಟು, ಸಿನಿಮಾ, ಯಾರದೋ ಮದುವೆ. ಅಡುಗೆಮನೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಹೆಂಗಸರು ಕೇಳಿದ್ದು ಆ ಪಟ್ಟಿಗೆ ಬರುವುದಿಲ್ಲ. ಅವತ್ತಿನಿಂದ ರೇಷ್ಮೆ ತಂದ ಪ್ರತಿಯೊಬ್ಬಳ ಮುಖ ನೋಡಿ, ಇವಳೂ ಕೇಳಿದ್ದಳೇ ಎಂದು ಯೋಚಿಸುತ್ತಿದ್ದೆ.

ಅಪ್ಪನ ವರ್ಷದ ಕಾರ್ಯಕ್ಕೆ ಹೋದೆ. ಊಟ ಮುಗಿದು ಹಿರಿಯರೆಲ್ಲ ಕೂತಿದ್ದಾಗ ಅಣ್ಣ ತನ್ನ ಫೋನು ತೆಗೆದು, ನನ್ನ ಪ್ರಶ್ನೆಗಳನ್ನು ಒಂದೊಂದಾಗಿ ಓದಿದ. "ನೋಡ್ರಿ ಕಾಕಾ, ಅಪ್ಪ ಹೋಗಿ ತಿಂಗಳಾಗಿದ್ದಿಲ್ಲ, ನಿಮ್ಮ ಮಗಳು ಪಾಲು ಹುಡಕಾಕತ್ತಿದ್ಲು" ಎಂದ. ಅಪ್ಪನ ತಮ್ಮ ಕಾಕಾ ತಲೆ ತಗ್ಗಿಸಿದರು. ಅಣ್ಣನ ಹೆಂಡತಿ, ನಮ್ಮ ವೈನಿ, ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಕಳ್ಳತನ ಮಾಡಿ ಸಿಕ್ಕಿಬಿದ್ದವಳಂತೆ ನಾನು ನಿಂತಿದ್ದೆ. ಆ ನಗುವಿಗೆ ನನ್ನ ಮೈ ಉರಿದದ್ದು ಇವತ್ತಿಗೂ ಆರಿಲ್ಲ.

ನನ್ನ ಫೋನಿನ ಮಾತು ಅವನ ಫೋನಿಗೆ ಹೋದದ್ದು ಹೇಗೆ? ತಪ್ಪು ಅಪ್ಪನದು. ಮನೆಗೆ ಮೊದಲ ಸ್ಮಾರ್ಟ್‌ಫೋನ್ ಕೊಂಡಾಗ ಫೋನಿನ ಅಂಗಡಿಯವನು ಮೇಲ್ ಐಡಿ ಮಾಡಿಕೊಟ್ಟಿದ್ದ, ಅಣ್ಣನ ಫೋನಿಗೂ ಅದೇ. ನನಗೆ ಫೋನು ಕೊಡಿಸುವಾಗ ಬೇರೆಯದು ಮಾಡಲೇ ಎಂದು ಕೇಳಿದ್ದಕ್ಕೆ ಅಪ್ಪ, "ಯಾಕ ಬೇಕು? ರೇಷನ್ ಕಾರ್ಡ್ ಮನೀಗೊಂದ, ಇದೂ ಮನೀಗೊಂದ ಸಾಕು" ಎಂದಿದ್ದರು. ಮದುವೆಯಾದ ಮೇಲೆ ರೇಷನ್ ಕಾರ್ಡಿನಿಂದ ನನ್ನ ಹೆಸರು ತೆಗೆಸಲು ಅಣ್ಣ ಮರೆಯಲಿಲ್ಲ. ಮೇಲ್ ಐಡಿಯಿಂದ ತೆಗೆಸಬೇಕೆಂದು ಅವನಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಆಪಾ ಇದನ್ನೆಲ್ಲ ಕೇಳಿ, ನನ್ನ ಫೋನಿನಲ್ಲಿ ಎಲ್ಲೆಲ್ಲೋ ಒತ್ತಿ, ಒಂದು ಪಟ್ಟಿ ತೆರೆದು ಕೈಗೆ ಕೊಟ್ಟರು. "ನಿಮ್ದು ಅವರಿಗಿ ಕಾಣಸ್ತಂದ್ರ, ಅವರ್ದೂ ನಿಮಗ ಕಾಣಸಬೇಕಲ್ರಿ?" ಎಂದರು. ಕಾಣಿಸಿತು. ಮನೆಯ ಯಜಮಾನನೆಂದು ಫೋನು ತನಗೆ ಚಾಡಿ ಹೇಳುತ್ತದೆ, ತಂಗಿಗೆ ಹೇಳುವುದಿಲ್ಲ ಎಂದು ಅಣ್ಣ ತಿಳಿದಿದ್ದನೋ ಏನೋ, ಏನನ್ನೂ ಅಳಿಸಿರಲಿಲ್ಲ. 'ತಂಗಿ ಸಹಿ ಇಲ್ಲದೆ ಅಂಗಡಿ ಹೆಸರಿಗೆ ಮಾಡಿಕೊಳ್ಳುವುದು ಹೇಗೆ.' 'ಪತ್ರ ಓದದೆ ಸಹಿ ಮಾಡಿದರೆ ನಡೆಯುತ್ತದೆಯೇ.' 'ಬಾಡಿಗೆ ಪತ್ರ ಎಂದು ಹೇಳಿ ಸಹಿ ತೆಗೆದುಕೊಂಡರೆ ಕೇಸ್ ಆಗುತ್ತದೆಯೇ.'

ಕೂಡಲೇ ಜಗಳಕ್ಕೆ ಹೋಗಲಿಲ್ಲ. ಪಂಚಮಿಯ ತನಕ ಕಾದೆ. ದಿನಾ ಆ ಪಟ್ಟಿ ತೆರೆದು ಓದುತ್ತಿದ್ದೆ, ಓದಿದಷ್ಟೂ ಒಳಗೆ ಹಿತವಾಗುತ್ತಿತ್ತು. ಪಂಚಮಿಗೆ ಕರೆಯಲು ಅಣ್ಣನೇ ಬಂದ. "ಆದದ್ದು ಆತು, ಬಾ. ಉಡಿ ತುಂಬಸ್ಕೋ, ಹಂಗ ಆ ಕಾಗದಾನೂ ಮುಗಸಿಬಿಡಮು" ಎಂದ. "ಬರ್ತೀನಣ್ಣಾ" ಎಂದೆ, ತಲೆ ಬಗ್ಗಿಸಿ. ಆ ನಟನೆಗೆ ನನ್ನನ್ನು ನಾನೇ ಮೆಚ್ಚಿಕೊಂಡೆ.

ಪಡಸಾಲೆಯಲ್ಲಿ ಅವತ್ತಿನ ಹಿರಿಯರೇ ಇದ್ದರು. ಮಣೆಯ ಮೇಲೆ ನಾನು, ಎದುರಿಗೆ ಅವ್ವ. ವೈನಿ ಆಗಲೇ ನನ್ನ ಉಡಿಗೆ ಅಕ್ಕಿ ಹಾಕಿದ್ದಳು. ಅವ್ವನ ಕೈಯ ತಾಟಿನಲ್ಲಿ ಉಳಿದ ಅಕ್ಕಿ, ಕೊಬ್ಬರಿ ಬಟ್ಟಲು, ನಾನು ಅಂದುಕೊಂಡಂತೆಯೇ ಭಾರಿ ರೇಷ್ಮೆ, ಅದರಡಿಯಲ್ಲಿ ಪತ್ರ. ಅಣ್ಣ ಪೆನ್ನಿನ ಮುಚ್ಚಳ ತೆಗೆದ. ನಾನು ಫೋನು ತೆಗೆದೆ.

"ಕಾಕಾ, ಅವತ್ತ ನನ್ನವು ಕೇಳಿದ್ರಿ. ಇವತ್ತ ಅಣ್ಣನವು ಕೇಳ್ರಿ" ಎಂದು ಹಳೆಯದರಿಂದ ಶುರುಮಾಡಿ ಗಟ್ಟಿಯಾಗಿ ಓದಿದೆ. ಬಾಡಿಗೆ ಪತ್ರದ ಪ್ರಶ್ನೆಗೆ ಬರುವಷ್ಟರಲ್ಲಿ ವೈನಿಯ ಮುಖ ಕಪ್ಪಿಟ್ಟಿತು. ಅಣ್ಣ ಪೆನ್ನು ಜೇಬಿಗೆ ಹಾಕಿಕೊಂಡ. ಅಷ್ಟು ಸುಖ ನನಗೆ ಯಾವ ಹಬ್ಬದಲ್ಲೂ ಆಗಿರಲಿಲ್ಲ. ಅಲ್ಲಿಗೇ ನಿಲ್ಲಿಸಬಹುದಿತ್ತು. ಪಟ್ಟಿಯ ತುದಿಯಲ್ಲಿ ಆ ದಿನ ಮುಂಜಾನೆಯದೊಂದು ಹೊಸದಾಗಿ ಬಂದಿತ್ತು, ಅದೇ ಓಘದಲ್ಲಿ ಅದನ್ನೂ ಓದಿಬಿಟ್ಟೆ: "ಮಗಳು ಪಾಲು ಕೇಳದಂಗ ಬಾಯಿ ಮುಚ್ಚಸೋದು ಹ್ಯಾಂಗ."

"ಇದ ನಾ ಕೇಳಿದ್ದಲ್ಲ" ಎಂದ ಅಣ್ಣ. ನಿಜವೇ. ಅವನಿಗೆ ನಾನು ತಂಗಿ, ಮಗಳಲ್ಲ. ಅಣ್ಣನ ಹಳೆಯ ಫೋನು, ಅದೇ ಮೇಲ್ ಐಡಿಯದು, ಅವ್ವನ ಹತ್ತಿರವಿತ್ತು, ಮೈಕು ಒತ್ತಿ ಭಜನೆ ಹಾಕಿಸಿಕೊಳ್ಳುತ್ತಿದ್ದಳು. ಎಲ್ಲರೂ ಅವಳ ಕಡೆ ತಿರುಗಿದರು.

ಅವ್ವ ತಾಟು ಕೆಳಗಿಡಲಿಲ್ಲ. "ಹೌದು, ನಾನ ಕೇಳೀನಿ. ನನ್ನ ತವರೂರು ಕೊಹಿನೂರದಾಗ ನಮ್ಮಣ್ಣ ಒಂದ ಸೀರಿ ಕೊಟ್ಟು ನನ್ನ ಹೆಬ್ಬಟ್ಟ ಒತ್ತಿಸ್ಕೊಂಡ. ಹೊಲ ಹೋತು. ನಾ ಬಾಯಿ ಮುಚಗೊಂಡು ಇದ್ದಿದ್ದಿಲ್ಲೇನು? ನೀ ಯಾಕ ಇರಬಾರದು?"

ಉಡಿ ಬಿಚ್ಚಿ ಅಕ್ಕಿಯನ್ನು ತಾಟಿಗೆ ಸುರಿದು, ಸೀರೆ ಮುಟ್ಟದೆ, ಹುಮನಾಬಾದಿನ ಬಸ್ಸು ಹಿಡಿದೆ. ಅಣ್ಣನ ಮೇಲಿದ್ದ ಸಿಟ್ಟು ಅವಳ ಮೇಲಿನ ಸಿಟ್ಟಿನ ಮುಂದೆ ಸಣ್ಣದಾಯಿತು.

ಮರುದಿನ ಆ ಮೇಲ್ ಐಡಿಯನ್ನು ನನ್ನ ಫೋನಿನಿಂದ ತೆಗೆಯೋಣವೆಂದು ಕೂತೆ. ಪಟ್ಟಿಯಲ್ಲಿ ಹೊಸದೊಂದಿತ್ತು. "ತವರ ಹೊಲಕ್ಕ ಹೆಬ್ಬಟ್ಟ ಒತ್ತೀನಿ. ಏನ ಬರದದ ಅಂತ ಯಾರೂ ಓದಿ ಹೇಳಿದ್ದಿಲ್ಲ. ಈಗ ಕೇಳಿದ್ರ ಬರತದೇನು?" ನನಗೆ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಉರಿಯಲಿ, ಅವಳಿಗೂ ಉರಿಯಲಿ ಎಂದುಕೊಂಡೆ. ಐಡಿ ತೆಗೆಯಲಿಲ್ಲ. ಅದರ ಮರುದಿನವೂ ಕೇಳಿದ್ದಳು, ಅದರ ಮರುದಿನವೂ. ಪ್ರತಿಸಲ ಉತ್ತರ ಒಂದೇ: ಸಂದರ್ಭ ನೋಡಿ ಹೇಳಬೇಕಾಗುತ್ತದೆ, ವಕೀಲರನ್ನು ಕಾಣಿ.

ವಾರ ಕಳೆದ ಮೇಲೆ ಅವಳದೇ ಫೋನು ಬಂತು. ಹೇಗಿದ್ದೀಯ ಎನ್ನಲಿಲ್ಲ. "ನಿನಗ ಗುರ್ತಿನ ವಕೀಲರು ಯಾರರ ಇದ್ದಾರೇನು?" ಎಂದಳು.

"ಯಾರ ಮ್ಯಾಲ ಕೇಸ?"

"ನಮ್ಮಣ್ಣನ ಮ್ಯಾಲ."

ಇದ್ದಾರೆ, ನಂಬರು ನನ್ನ ಅಳತೆಯ ಪುಸ್ತಕದಲ್ಲೇ ಇದೆ. "ಕೊಡ್ತೀನವ್ವಾ. ಮೊದಲ ನಿನ್ನ ಮಗನ ಆ ಕಾಗದ ಹರಿ" ಎಂದೆ. "ಹರೀತೀನಿ. ಅಂವಾ ಅಂಗಡಿಗಿ ಹೋಗಲಿ" ಎಂದಳು.

ಹರಿದಳೋ ಇಲ್ಲವೋ, ನನಗೆ ಗೊತ್ತಿಲ್ಲ. ಚೂರುಗಳನ್ನು ಅವಳೇ ಹುಮನಾಬಾದಿಗೆ ತಂದು ನನ್ನ ಕೈಯಲ್ಲಿ ಇಡುವ ತನಕ ಆ ನಂಬರು ಕೊಡುವುದಿಲ್ಲ.