ರೆಕ್ಸಿನ್ ಡೈನೋಸಾರ್

ನಮ್ಮ ಯಜಮಾನರು ಯಲಹಂಕದಲ್ಲಿ ಆಟೋಗಳಿಗೆ ಸೀಟು, ಟಾಪು ಹೊಲಿಯುತ್ತಿದ್ದರು. ಅವರು ತೀರಿಹೋಗಿ ಎಂಟು ತಿಂಗಳಾದ ಮೇಲೆ, ಒಂದು ಬೆಳಿಗ್ಗೆ ಸೊಪ್ಪು ಬಿಡಿಸುತ್ತಾ ಕೂತಿದ್ದಾಗ ಅವರ ದನಿ ನೆನಪಿಗೆ ಬರಲಿಲ್ಲ. ಮುಖ ಬಂತು. ಅಂಗಿಗೆ ಅಂಟಿಕೊಂಡಿರುತ್ತಿದ್ದ ಸಲ್ಯೂಷನ್ ಗೋಂದಿನ ವಾಸನೆಯೂ ಬಂತು. ದನಿ ಮಾತ್ರ ಇಲ್ಲ. ಅವರು ಆಡಿದ ಮಾತುಗಳೆಲ್ಲ ನೆನಪಿದ್ದವು, ಆದರೆ ನನ್ನದೇ ದನಿಯಲ್ಲಿ ಕೇಳಿಸುತ್ತಿದ್ದವು.

ಹೆದರಿಕೆಯಾಯಿತು. ಯಾರಿಗೂ ಹೇಳದೆ ಮಗಳ ಮದುವೆಯ ವಿಡಿಯೋ ಹಾಕಿ ನೋಡಿದೆ. ಧಾರೆ ಎರೆಯುವಾಗ ಅವರು ಏನೋ ಹೇಳುತ್ತಾರೆ, ತುಟಿ ಆಡುತ್ತದೆ. ಆದರೆ ವಿಡಿಯೋದವನು ಮೊದಲಿಂದ ಕೊನೆಯವರೆಗೂ ಸಿನಿಮಾ ಹಾಡು ತುಂಬಿಬಿಟ್ಟಿದ್ದ. ಅವರ ಹಳೇ ಮೊಬೈಲಿನಲ್ಲಿ ಇದ್ದದ್ದು ಸೀಟುಗಳ ಫೋಟೋ ಮಾತ್ರ.

ಕೊನೆಗೆ ಮಗಳಿಗೆ ಹೇಳಿದೆ. ಅವಳು, "ಅಮ್ಮಾ, ಅಪ್ಪನ ಡೈನೋಸಾರ್ ಪಿಕ್ಚರ್ ಇದ್ಯಲ್ಲಾ?" ಎಂದಳು.

"ಅದ್ರಲ್ಲಿ ಅವ್ರಿಗೆ ಮಾತೆಲ್ಲಿತ್ತೇ?"

ಆ ಸಿನಿಮಾದವರು ಡೈನೋಸಾರಿನ ಚರ್ಮ ಹೊಲಿಸಲು ಇವರ ಹತ್ತಿರ ಬಂದಿದ್ದರು. ಇವರು ಆಟೋ ಸೀಟಿನ ಹಸಿರು ರೆಕ್ಸಿನ್‌ನಲ್ಲೇ ಹೊಲಿದುಕೊಟ್ಟರು. ಅಳತೆ ಕೊಡಲು ಯಾರೂ ಬಾರದ್ದರಿಂದ ತಮ್ಮ ಮೈಗೇ ಅಳತೆ ಇಟ್ಟುಕೊಂಡಿದ್ದರು. ಕೊನೆಗೆ ಅದರೊಳಗೆ ಹಿಡಿಸಿದ್ದೂ ಇವರೊಬ್ಬರೇ. ಹಾಗಾಗಿ ರಾಜಾನುಕುಂಟೆಯ ಆಚೆ ಒಂದು ಹಳೇ ಕಲ್ಲು ಕ್ವಾರಿಯಲ್ಲಿ ಆರು ದಿನ ಇವರೇ ಡೈನೋಸಾರ್ ಆದರು. ಸಿನಿಮಾ ಬಂದಾಗ ನನ್ನನ್ನು ಕರೆದುಕೊಂಡು ಹೋಗಲಿಲ್ಲ. "ನನ್ ಮುಖಾನೇ ಕಾಣಲ್ಲ, ಏನ್ ನೋಡ್ತೀಯ ಬಿಡೇ," ಎಂದಿದ್ದರು.

ಭಾನುವಾರ ಮಧ್ಯಾಹ್ನ ಮಗಳು ಮೊಬೈಲಿನಲ್ಲಿ ಅದನ್ನು ಹುಡುಕಿ ಹಾಕಿದಳು. ಗುಹೆ ದಾಟಿದರೆ ಮನುಷ್ಯರೇ ಕಾಲಿಡದ ಕಣಿವೆ. ಅದರ ಹಿಂದೆ ಕರೆಂಟ್ ಕಂಬ. ಹೀರೋ ಕೈ ಇಟ್ಟಾಗ ಬಂಡೆ ಅಲುಗಾಡಿತು. ಡೈನೋಸಾರ್ ಬಂತು. ಬೆನ್ನ ಮೇಲೆ ಸೀಟಿಗೆ ಹಾಕುವ ಹಾಗೆಯೇ ಚೌಕ ಚೌಕ ಹೊಲಿಗೆ. ಬಾಯಿ ತೆರೆದರೆ ಆನೆ ಘೀಳಿಟ್ಟ ಸದ್ದು. ಅದೂ ಅವರದಲ್ಲ. ಎದ್ದುಬಿಡೋಣ ಅನ್ನಿಸಿತು.

ಶೂಟಿಂಗ್ ಜಾಗದಲ್ಲಿ ಹಿಡಿದ ಸದ್ದನ್ನು ತೆಗೆದುಹಾಕಿ ಆಮೇಲೆ ಸ್ಟುಡಿಯೋದಲ್ಲಿ ಮಾತು ಸೇರಿಸುತ್ತಾರೆ ಎಂದು ಇವರೇ ಹಿಂದೆ ಹೇಳಿದ್ದರು. ಒಂದು ಕಡೆ ತೆಗೆಯುವುದನ್ನು ಮರೆತಿದ್ದಾರೆ. ಹೀರೋನ ಗೆಳೆಯ ಈಟಿ ಹಿಡಿದು ನುಗ್ಗುವಾಗ ಬಾಲ ತುಳಿದ. ಡೈನೋಸಾರ್ ಗಕ್ಕನೆ ನಿಂತಿತು.

"ಲೋ, ಬಾಲ ಬಿಡೋ! ಹೊಲಿಗೆ ಬಿಟ್ಕೊಳ್ತದೆ ಕಣೋ!"

ಹಿಂದೆಯೇ ಒಂದು ಕೆಮ್ಮು. ಅವರೇ.

ಅಲ್ಲಿಯವರೆಗೂ ನಗುತ್ತಿದ್ದ ಮಗಳು ತಟ್ಟನೆ ನನ್ನ ಕಡೆ ತಿರುಗಿದಳು. "ಇನ್ನೊಂದ್ಸಲ ಹಾಕೇ," ಎಂದೆ. ಹಾಕಿದಳು. ಮತ್ತೆ ಹಾಕು ಎಂದೆ. ಎಷ್ಟು ಸಲ ಹಾಕಿಸಿದೆನೋ.

"ಎಲ್ರೂ ಪ್ರಾಣ ಉಳಿಸ್ಕೊಳಕ್ಕೆ ಓಡ್ತಾ ಇದ್ರೆ ಅಪ್ಪಂಗೆ ಹೊಲಿಗೆ ಚಿಂತೆ ನೋಡಮ್ಮ," ಎಂದು ಅವಳು ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. ನನಗೂ ನಗು ಬಂತು. ಎಂಟು ತಿಂಗಳಲ್ಲಿ ಮೊದಲ ಸಲ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಮಾರನೇ ದಿನ ಬೆಳಿಗ್ಗೆ ಸೊಪ್ಪು ಬಿಡಿಸುತ್ತಾ, ಸ್ವಲ್ಪ ಅಳುಕಿನಿಂದಲೇ, ಅವರನ್ನು ನೆನೆಸಿಕೊಂಡೆ. ದನಿ ಬಂತು. ಉಪ್ಪು ಕಮ್ಮಿ ಎಂದದ್ದು, ಬಾಗಿಲು ಹಾಕ್ಕೋ ಎಂದದ್ದು, ಎಲ್ಲವೂ ಅವರ ದನಿಯಲ್ಲೇ ಬಂದವು. ಸ್ವಲ್ಪ ಉಸಿರು ಕಟ್ಟಿದ ಹಾಗೆ, ರೆಕ್ಸಿನ್ ಒಳಗಿಂದ ಮಾತಾಡಿದ ಹಾಗೆ ಕೇಳುತ್ತದೆ. ಪರವಾಗಿಲ್ಲ.