ಮೈ ಒರೆಸುವ ಪರೀಕ್ಷೆ

ನರ್ಸಿಂಗ್ ಕೊನೆಯ ಪರೀಕ್ಷೆಯಲ್ಲಿ ನಾನು ಒಮ್ಮೆ ಫೇಲಾಗಿದ್ದೇನೆ. ಇದನ್ನು ಕೇಳಿದವರು ‘ಪಾಪ’ ಎನ್ನುತ್ತಾರೆ. ನನಗೆ ಅವರ ಪಾಪ ಬೇಡ. ನಾನಾಗಿ ಫೇಲಾಗಲಿಲ್ಲ, ನನ್ನನ್ನು ಫೇಲು ಮಾಡಿದರು. ಎಪ್ಪತ್ತರ ದಶಕದ ಕೊನೆಯ ಸಂಗತಿ. ಸಿಟ್ಟು ಮಾತ್ರ ಇನ್ನೂ ಹಾಗೇ ಇದೆ.

ದಬ್ಬೇಘಟ್ಟದ ಹತ್ತಿರದ ನಮ್ಮ ಹಳ್ಳಿಯಿಂದ ನರ್ಸಿಂಗ್ ಶಾಲೆಗೆ ಹೋದ ಮೊದಲ ಹುಡುಗಿ ನಾನು. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿದವಳಿಗೆ ಅಲ್ಲಿ ಎಲ್ಲವೂ ಇಂಗ್ಲಿಷು. ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಮೂಳೆಗಳ ಹೆಸರನ್ನು ಬಾಯಿಪಾಠ ಮಾಡಿದೆ. ಬರೆಯುವ ಪರೀಕ್ಷೆಗಳು ಚೆನ್ನಾಗಿಯೇ ಆದವು. ಪ್ರಾಕ್ಟಿಕಲ್ ಒಂದು ಪಾಸಾಗಿದ್ದರೆ ರಿಜಿಸ್ಟ್ರೇಷನ್, ಆಮೇಲೆ ಕೆಲಸ.

ಅಂದು ನಮಗೆ ಕೊಟ್ಟ ಕೆಲಸ, ಹಾಸಿಗೆಯಲ್ಲೇ ರೋಗಿಯ ಮೈ ಒರೆಸುವುದು. ಮಾಗಿಯ ಬೆಳಿಗ್ಗೆ. ಕಾಲು ಮುರಿದು, ಮೂಳೆ ಕೂಡಲೆಂದು ಆ ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದ ಮಾಯಸಂದ್ರ ಕಡೆಯ ಅಜ್ಜಿಯೊಬ್ಬರನ್ನು ಆರಿಸಿದ್ದರು. ಬೇರೆಯವರಾಗಿದ್ದರೆ ಎದ್ದು ಹೋಗುತ್ತಿದ್ದರು, ಅವರು ಏಳುವಂತಿರಲಿಲ್ಲ. ಸಾಲಿನಲ್ಲಿ ನಿಂತ ಹುಡುಗಿಯರೆಲ್ಲ ಒಬ್ಬರಾದ ಮೇಲೊಬ್ಬರು ಅದೇ ಅಜ್ಜಿಯ ಸೀರೆ ಸರಿಸಿ ಒರೆಸಬೇಕು. ನನ್ನ ಸರದಿ ಬರುವ ಹೊತ್ತಿಗೆ ಮೂವರು ಮುಗಿಸಿದ್ದರು. ಬೇಸಿನ್ನಿನ ನೀರು ತಣ್ಣಗಾಗಿತ್ತು. ಅಜ್ಜಿಯ ತುಟಿ ನೀಲಿಗಟ್ಟಿತ್ತು.

ಅವರು ನನ್ನ ಕೈ ಹಿಡಿದುಕೊಂಡರು. “ಬುಡವ್ವ, ಇನ್ನ ತಡಿಯಾಕಾಗಲ್ಲ. ನಾನೇನು ಬಟ್ಟೆನಾ, ಹಿಂಗೆ ಒಗೆಯಾಕೆ?”

ಅದು ನಮ್ಮೂರ ಮಾತು. ನಾನು ಪರೀಕ್ಷಕ ಡಾಕ್ಟರ ಕಡೆ ತಿರುಗಿದೆ.

“ಸಾರ್, ಅಜ್ಜಿ ನಡುಗ್ತಿದ್ದಾರೆ. ನನಗೆ ಬೇರೆ ರೋಗಿ ಕೊಡಿ.”

“ರೋಗೀನ ಆರಿಸೋಕೆ ನೀನ್ಯಾರು? ಶುರು ಮಾಡು.”

“ಆಗಲೇ ಮೂರು ಸಲ ಆಗಿದೆ ಸಾರ್.”

“ಇನ್ನೊಂದು ಸಲ ಆದ್ರೆ ಸಾಯೋದಿಲ್ಲ.”

ನಾನು ಒದ್ದೆ ಬಟ್ಟೆ ತೆಗೆದುಹಾಕಿ ಅಜ್ಜಿಗೆ ಕಂಬಳಿ ಹೊದಿಸಿದೆ. ಡಾಕ್ಟರು ಹಾಳೆಯಲ್ಲಿ ನನ್ನ ಹೆಸರಿನ ಮುಂದೆ ಗೀಟು ಎಳೆದು, ಮುಂದಿನವಳನ್ನು ಕರೆದರು. ಅವಳು ಅಳುತ್ತಲೇ ಕಂಬಳಿ ತೆಗೆದಳು. ಅವಳ ಮೇಲೆ ನನಗೆ ಕೋಪವಿಲ್ಲ. ಕೋಪ ಬಂದದ್ದು ವರಾಂಡದಲ್ಲಿ ಸಿಕ್ಕ ನಮ್ಮ ಟ್ಯೂಟರ್ ಮೇಲೆ. “ಹತ್ತು ನಿಮಿಷ ಬಾಯಿ ಮುಚ್ಕೊಂಡಿದ್ದಿದ್ರೆ ಪಾಸಾಗ್ತಿದ್ದೆ ಕಣೇ” ಎಂದರು. ರೋಗಿಯನ್ನು ಬೆಚ್ಚಗಿಡಬೇಕು ಎಂದು ನಮಗೆ ಮೊದಲು ಕಲಿಸಿದವರೇ ಅವರು!

ಫೇಲೆಂದು ಗೊತ್ತಾಗಿ ಊರಿಗೆ ಬಂದೆ. ಮತ್ತೆ ಪರೀಕ್ಷೆಗೆ ಆರು ತಿಂಗಳು ಕಾಯಬೇಕು. ದೊಡ್ಡಪ್ಪ ಜಗಲಿಯ ಮೇಲೆ ಕೂತು, “ಓದು ತಲೆಗೆ ಹತ್ಲಿಲ್ಲ ಅನ್ನು. ಬುಡು, ಹಾಲ್ಕುರಿಕೆ ಕಡೆ ಒಂದು ಗಂಡೈತೆ” ಎಂದರು. ನಡೆದದ್ದನ್ನು ಹೇಳಿದೆ. “ಡಾಕ್ಟ್ರಿಗೇ ಎದುರಾಡ್ದಾ? ಮುಗೀತು ಬುಡು” ಎಂದು ಎದ್ದು ಹೋದರು.

ಅಟ್ಟದಲ್ಲಿ ಒಣಗಿದ ತೆಂಗಿನಕಾಯಿ ಇಳಿಸಿ ಸುಲಿಸುವ ಕಾಲ. ಹಗಲೆಲ್ಲ ಅವ್ವನ ಜೊತೆ ಕೂತು ಚಿಪ್ಪು ಒಡೆದು ಕೊಬ್ಬರಿ ಬಿಡಿಸುತ್ತಿದ್ದೆ. ಕತ್ತಿ ಎತ್ತಿದಾಗೆಲ್ಲ ಡಾಕ್ಟರ ಮುಖವೇ ಕಣ್ಣ ಮುಂದೆ. ಇಡಿಯಾಗಿ ಬರಬೇಕಿದ್ದ ಉಂಡೆ ಕೊಬ್ಬರಿಗಳು ನನ್ನ ಏಟಿಗೆ ಹೋಳಾಗಿ ಬೀಳುತ್ತಿದ್ದವು.

“ಮೆಲ್ಲಗೆ ಕಣೇ” ಎಂದ ಅವ್ವ ಹೋಳುಗಳನ್ನು ಬೇರೆ ರಾಶಿ ಮಾಡುತ್ತ, “ಆ ಮುದುಕಮ್ಮುನ್ನ ಬುಟ್ಟಿದ್ದು ಸರಿ ಆಯ್ತು. ಹೋಗಿ ಪರೀಕ್ಷೆಗೆ ಇನ್ನೊಂದ್ಸಲ ಕೂತ್ಕೋ. ಗಂಡಿನ ವಿಚಾರ ನಾನು ನೋಡ್ಕತೀನಿ” ಎಂದಳು. ಏನು ಹೇಳಿದಳೋ, ಹಾಲ್ಕುರಿಕೆಯವರು ಬರಲೇ ಇಲ್ಲ.

ಎರಡನೆಯ ಸಲವೂ ಅದೇ ಡಾಕ್ಟರು. ಜೊತೆಗೆ ಬೇರೆ ಊರಿನಿಂದ ಪರೀಕ್ಷಕಿಯಾಗಿ ಬಂದಿದ್ದ ಹಿರಿಯ ಸಿಸ್ಟರ್ ಒಬ್ಬರು. ನನಗೆ ಸಿಕ್ಕಿದ್ದು ಜ್ವರ ಬಿಟ್ಟು ಸುಸ್ತಾಗಿದ್ದ ನಡುವಯಸ್ಸಿನ ಹೆಂಗಸು. ಪರದೆಯನ್ನು ಪೂರ್ತಿ ಎಳೆದೆ, ಬಿಸಿನೀರು ತರಿಸಿದೆ, ಹೊದಿಕೆಯೊಳಗೇ ಒಂದೊಂದು ಭಾಗ ಒರೆಸತೊಡಗಿದೆ.

“ಹೋದ ಸಲ ಬಂದಿದ್ದವಳಲ್ವಾ? ಈಗ ಬುದ್ಧಿ ಬಂತಾ?” ಎಂದರು ಡಾಕ್ಟರು.

ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿದೆ. “ಇವರಿಗೆ ಇವತ್ತು ಇದೇ ಮೊದಲ್ನೇ ಸಲ ಸಾರ್. ಅದಕ್ಕೆ ಮಾಡ್ತಿದ್ದೀನಿ.”

ಅವರ ಮುಖ ಕೆಂಪಾಯಿತು. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಆ ಸಿಸ್ಟರ್ ಬಂದು ಬೇಸಿನ್ನಿಗೆ ಬೆರಳು ಅದ್ದಿ ನೋಡಿ, “ನೀರು ಸರಿಯಾಗಿದೆ. ಮುಂದುವರಿಸಮ್ಮ” ಎಂದರು.

ಪಾಸಾದೆ. ಸುದ್ದಿ ಬಂದ ದಿನ ದೊಡ್ಡಪ್ಪ ಬೀದಿಗೆಲ್ಲ ಹೇಳಿಕೊಂಡು ಬಂದರು. ಮನೆಯೊಳಗೆ ಕಾಲಿಟ್ಟವರೇ, “ಈಗ್ಲಾದ್ರೂ ತಗ್ಗಿ ಬಗ್ಗಿ ನಡೆಯೋದು ಕಲ್ತಲ್ಲ, ಒಳ್ಳೇದಾಯ್ತು” ಎಂದರು. ಕಾಫಿ ಲೋಟವನ್ನು ಅವರ ಮುಂದೆ ಕುಕ್ಕಿ ಒಳಗೆ ಹೋದೆ. ನಾನು ತಗ್ಗಿರಲಿಲ್ಲ, ಬಗ್ಗಿರಲಿಲ್ಲ. ಅದನ್ನು ಅವರಿಗೆ ಬಿಡಿಸಿ ಹೇಳುವಷ್ಟು ತಾಳ್ಮೆ ಆಗ ನನಗಿರಲಿಲ್ಲ, ಆಮೇಲೂ ಬರಲಿಲ್ಲ. ರಿಜಿಸ್ಟ್ರೇಷನ್ ಬಂದ ಮೇಲೆ ಟ್ರಂಕು ಹಿಡಿದು ಕೆಲಸಕ್ಕೆ ಹೊರಟಾಗ ಅವ್ವ ಒಬ್ಬಳೇ ಬಸ್ಸಿನವರೆಗೆ ಬಂದಳು.