ಕಡ್ಡಿ ಗಾಲಿಯ ಮ್ಯಾಲೆ ಬಂದ ತಂಬೂರಿ

ನನ್ನ ರೇಸಿಂಗ್ ಸೈಕಲ್ಲಿಗೆ ನಾವು ಬಾಡಿಗಿಗಿದ್ದ ವಾಡೆದ ಮಂದಿ ‘ಕಡ್ಡಿ ಪೈಲ್ವಾನ’ ಅಂತ ಹೆಸರಿಟ್ಟಿದ್ರು. ಬಾಗಿದ ಹ್ಯಾಂಡಲ್ಲು, ಹೆಬ್ಬೆರಳಿನಷ್ಟು ಟೈರು. ರೇಲ್ವೆ ಆಫೀಸಿನ ಸಾಹೇಬರೊಬ್ಬರು ನಾಗಪುರ ಬಿಡೂಮುಂದ ನನಗ ಕೊಟ್ಟು ಹೋಗಿದ್ರು. ಮಳಿಗಾಲ ಮುಗಿದ ಮ್ಯಾಲೆ ನಾವಿದ್ದ ಮಹಾಲ್ ಅನ್ನೋ ಪ್ಯಾಟಿಯೊಳಗ ಗುಂಡಿ ಬಿಟ್ಟು ಉಳಿದದ್ದಕ್ಕ ರಸ್ತೆ ಅನ್ನಬೇಕು. ಅಂಥಾದ್ರಾಗ ಎರಡು ವರ್ಷ ಓಡಿತ್ತು, ಗಟ್ಟಿ ಜೀವ.

ಆಗ ನನ್ನ ಹೆಂಡತಿಗೆ ರೇಡಿಯೋ ಕೇಂದ್ರದಾಗ ಹಾಡಿನ ಪರೀಕ್ಷಾ ಬಂತು. ಧಾರವಾಡ ಬಿಟ್ಟ ಮ್ಯಾಲೆ ಆಕಿ ಹಾಡು ನಮ್ಮ ನಾಕು ಗೋಡಿ ದಾಟಿರಲಿಲ್ಲ. ಗುರುಗಳು ಕೊಟ್ಟ ತಂಬೂರಿ ಇಲ್ಲದ ಹಾಡೂದಿಲ್ಲ ಅಂತ ಹಟ ಬ್ಯಾರೆ. ಅದರ ಸೋರಿ ಬುರುಡಿ ಒಮ್ಮೆ ಟಾಂಗಾದ ಕುಣಿತಕ್ಕ ಬಿರುಕು ಬಿಟ್ಟು, ಅಂಟಿಸಿಕೊಂಡು ಬಂದದ್ದು. ಇನ್ನೊಂದು ಪೆಟ್ಟು ತಡೀತಿರಲಿಲ್ಲ. ನೀ ಟಾಂಗಾದಾಗ ಬಾ, ತಂಬೂರಿ ಕೌದಿಯೊಳಗ ಸುತ್ತಿ ನನ್ನ ಬೆನ್ನಿಗೆ ಕಟ್ಟು ಅಂದೆ. ಕೇಳಿಸಿಕೊಂಡ ವಾಡೆದ ಮಾಲಕರು, ಆ ಕಡ್ಡಿ ಗಾಲಿ ಮ್ಯಾಲೆ ತಂಬೂರಿ ಒಡೀದ ಮುಟ್ಟಿದ್ರ ತಮ್ಮ ಮೀಸಿ ಬೋಳಿಸ್ತೀನಿ ಅಂತ ಪಂಥ ಕಟ್ಟಿದ್ರು.

ಹಿಂದಿನ ದಿನ ಆಕಿ ತಂಬೂರಿಯ ತಂತಿ ಸಡಿಲ ಮಾಡಿದಳು. ವಾದ್ಯ ದಾರಿ ಹಿಡಿಯೂಮುಂದ ತಂತಿ ಇಳಸೂದು ಹಾಡೋರ ಮನಿ ಪದ್ಧತಿ. ನೋಡ್ತಾ ಕೂತ ನನಗ ಶಾಣ್ಯಾತನ ಹೆಚ್ಚಾತು. ಗಾಲಿಯ ಕಡ್ಡಿನೂ ಇಳಿಸಿದ್ರ ಗುಂಡ್ಯಾಗ ಮೆತ್ತಗ ಹೋಗ್ತೈತಿ ಅಂತ ಪಾನಾ ಹಿಡದು ಎಲ್ಲಾ ಕಡ್ಡಿ ಸಡಿಲ ಮಾಡಿದೆ. ಆಕಿನೂ ‘ಬರೋಬರ್’ ಅಂದಳು.

ಪುಣ್ಯಾ, ಮುಂಜಾನೆ ತಂಬೂರಿ ಕಟ್ಟಿಕೊಳ್ಳೂಕಿಂತ ಮೊದಲ ಬರೇ ಸೈಕಲ್ ಓಡಿಸಿ ನೋಡಿದೆ. ಮೊದಲನೇ ಗುಂಡಿಗೇ ಮುಂದಿನ ಗಾಲಿ ಹಪ್ಪಳದಂಗ ಸೊಟ್ಟಾತು. ಪರೀಕ್ಷಾ ಮಧ್ಯಾಹ್ನಕ್ಕ. ಸೈಕಲ್ ಹೆಗಲಿಗೇರಿಸಿ ಇಬ್ಬರೂ ಚೌಕಕ್ಕ ಓಡಿದ್ವಿ.

ಅಲ್ಲಿ ಸೈಕಲ್ ರಿಪೇರಿ ಮಾಡೋ ಮುದುಕ ನಮ್ಮ ಕಥಿ ಕೇಳಿ ನಗಲಿಲ್ಲ. ಕಡ್ಡಿ ಬಿಗಿ ಇದ್ರ ಒಂದರ ಪೆಟ್ಟು ಎಲ್ಲಾವೂ ಹಂಚಿಕೊಂತಾವು, ಸಡಿಲ ಇದ್ರ ಯಾವುದೂ ಯಾವುದಕ್ಕೂ ಆಗೂದಿಲ್ಲ ಅಂತ ಮರಾಠಿಯೊಳಗ ಹೇಳಿ ಕೆಲಸಕ್ಕ ಕೂತ. ಎಂಥಾ ಕೈ ಅದು! ಗಾಲಿ ತಿರುಗಿಸೂದು, ಕಣ್ಣು ಸಣ್ಣ ಮಾಡೂದು, ಪಾನಾ ಅರ್ಧ ಸುತ್ತು. ಮುಗೀತು ಅಂದಾಗ ನನ್ನ ಹೆಂಡತಿ ಬಗ್ಗಿ ಒಂದೊಂದೇ ಕಡ್ಡಿ ಮೀಟಿದಳು.

“ಇದೊಂದು ಇಳದೈತಿ,” ಅಂದಳು.

ಮುದುಕ ಮುಟ್ಟಿ ನೋಡಿದ. ಹೌದು, ಸಡಿಲ ಇತ್ತು. ಅದನ್ನ ಬಿಗಿದು, ಹಿಂದಿನ ಗಾಲಿನೂ ಆಕಿ ಮುಂದ ತಂದಿಟ್ಟ.

ಟೈರು ಕಲ್ಲಿನಂಗ ಆಗೂತನಕ ಗಾಳಿ ಹೊಡದು, ತಂಬೂರಿ ಬೆನ್ನಿಗೆ ಕಟ್ಟಿಕೊಂಡು ಹೊಂಟೆ. ಗುಂಡಿ ಬಂದಾಗೆಲ್ಲಾ ಸೀಟು ಬಿಟ್ಟು ಎದ್ದು ಮೊಣಕಾಲು ಮಡಚಿದೆ. ಹಿಂದ ಟಾಂಗಾದಾಗ ಆಕಿ ಕಣ್ಣು ಬುರುಡಿ ಮ್ಯಾಲೆ. ಸೈಕಲ್ ಟಕ್ ಅಂತಿತ್ತು, ಮುಂದ ಹೋಗ್ತಿತ್ತು. ಕೇಂದ್ರದ ಮುಂದ ಕೌದಿ ಬಿಚ್ಚಿದ್ರ ಬುರುಡಿಯ ಅಂಟು ಹಂಗೇ ಇತ್ತು. ಆಕಿ ಒಳಗ ಹೋಗಿ ತಂತಿ ಏರಿಸಿ ಹಾಡಿದಳು, ಪಾಸಾದಳು.

ಮುಂದ ಆಕಿ ಮೊದಲನೇ ಸಲ ರೇಡಿಯೋದಾಗ ಹಾಡಿದ ದಿನ, ಮಾಲಕರ ಪಡಸಾಲಿಯೊಳಗ ಇಡೀ ವಾಡೆ ಕೂತು ಕೇಳಿತಂತ. ಮಾಲಕರು ಬೋಳು ತುಟಿ ಮ್ಯಾಲೆ ಕೈ ಇಟ್ಟುಕೊಂಡು ಕಣ್ಣೀರು ಹಾಕಿದ್ರಂತ. ನಾ ಮಾತ್ರ ಆ ಹಾಡು ಕೇಳಲಿಲ್ಲ. ಅವತ್ತೂ ತಂಬೂರಿ ಮುಟ್ಟಿಸಿ, ಕೇಂದ್ರದ ಗೇಟಿನ ಹೊರಗ, ಖಾಲಿ ಕೌದಿ ಹೆಗಲಿಗೆ ಹಾಕ್ಕೊಂಡು, ಸೈಕಲ್ ಹಿಡಕೊಂಡು ನಿಂತಿದ್ದೆ.